ಚಡ್ಡಿ ಒದ್ದೆಯಾದರೂ ಚಿಂತೆಯಿಲ್ಲ

ಬೇಸಿಗೆ ರಜೆ ಶುರುವಾಯಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದ ಮನೆಗಳಲ್ಲಿ ಮಕ್ಕಳ ಗಲಾಟೆ. ಬೆಂಗಳೂರಿನಿಂದ ರೈಲೋ ಬಸ್ಸೋ ಹಿಡಿದು ಬಂದಿಳಿಯುವ ಸಂಸಾರದಲ್ಲಿ ಎರಡು, ಎರಡೂವರೆ ವರ್ಷದ ಪಾಪು ಇದ್ದರೆ ಅದರ ಚೀಲದ ಅರ್ಧ ಭಾಗ ಡೈಪರ್ ಕಟ್ಟುಗಳೇ. ಅದನ್ನು ಕಂಡ ಅಜ್ಜಿಯ ಮೊದಲ ಮಾತು: ‘ಇನ್ನೂ ಇದನ್ನ ಬಿಡಿಸಿಲ್ವೇನವ್ವಾ? ನಿನ್ನ ಗಂಡ ವರ್ಷ ತುಂಬೋದ್ರೊಳಗೇ ಹೇಳೋನು.’ ಸೊಸೆ ಹೆಚ್ಚು ಮಾತಾಡುವುದಿಲ್ಲ. ‘ಡಾಕ್ಟ್ರು ಅವಸರ ಮಾಡಬೇಡಿ ಅಂದವ್ರೆ ಅತ್ತೆ’ ಅಂದು ಸುಮ್ಮನಾಗುತ್ತಾಳೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಮಗುವಿಗೆ ಶೌಚ ಕಲಿಸುವ ವಿಚಾರದಲ್ಲಿ ಹಳೇ ತೋಟದ ಮನೆಯ ರೂಢಿಗೂ ಇಂದಿನ ಮಕ್ಕಳ ವೈದ್ಯರ ಸಲಹೆಗೂ ಜಗಳವೇ ಇದೆ ಎಂದು ಅನೇಕರು ತಿಳಿದಿದ್ದಾರೆ. ಎರಡನ್ನೂ ಹತ್ತಿರದಿಂದ ನೋಡಿದರೆ ಅಂಥ ಜಗಳವೇನೂ ಕಾಣದು. ಮಗುವಿಗೆ ನಿಜವಾಗಿ ತೊಂದರೆ ಕೊಡುವುದು ಬಲವಂತ ಮತ್ತು ಅವಮಾನ. ಅವು ಹಳ್ಳಿಯಲ್ಲೂ ಇವೆ, ಅಪಾರ್ಟ್‌ಮೆಂಟಿನಲ್ಲೂ ಇವೆ.

ಅಜ್ಜಿಯ ಕಾಲಿನ ಮೇಲೆ

ಅಜ್ಜಿಯರ ವಿಧಾನ ಈಗಲೂ ಹಳ್ಳಿಗಳಲ್ಲಿ ಕಾಣಸಿಗುತ್ತದೆ. ಹಿತ್ತಲ ಮೂಲೆಯಲ್ಲೋ ಬಚ್ಚಲ ಮೋರಿಯ ಪಕ್ಕದಲ್ಲೋ ಅಜ್ಜಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕಾಲು ಚಾಚಿ ಕೂರುತ್ತಾಳೆ. ಎರಡು ಪಾದಗಳನ್ನು ಅಂಗೈಯಗಲ ಬಿಟ್ಟು ಇಟ್ಟರೆ ನಡುವೆ ಮಗುವಿನ ಕುಂಡಿಗೆ ಸರಿಹೊಂದುವ ಜಾಗ. ಕೂಸನ್ನು ಪಾದಗಳ ಮೇಲೆ ಕೂರಿಸಿ, ಬೆನ್ನಿಗೆ ತನ್ನ ಮೊಣಕಾಲನ್ನೇ ಆನಿಸಿ, ರಟ್ಟೆ ಹಿಡಿದುಕೊಂಡು ‘ಸ್ಸ್ಸ್...’ ಎನ್ನುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ, ನಿದ್ದೆಗೆ ಮುಂಚೆ ಒಮ್ಮೆ. ಕೂಸು ಸುಸ್ಸು ಮಾಡಿದರೆ ಸಂತೋಷ. ಮಾಡದಿದ್ದರೆ ಎತ್ತಿಕೊಂಡು ಒಳಗೆ ಬರುತ್ತಾಳೆ, ಅಷ್ಟೇ. ಬೈಗುಳವಿಲ್ಲ, ಗಡಿಯಾರವಿಲ್ಲ.

ಇದು ಬರೀ ನಮ್ಮ ಸೀಮೆಯ ರೂಢಿಯಲ್ಲ. ಆಫ್ರಿಕಾದ ಕೀನ್ಯಾ ದೇಶದ ಕರಾವಳಿಯಲ್ಲಿ ದಿಗೋ ಎಂಬ ಜನ ಇದ್ದಾರೆ. ಅವರದೂ ತೆಂಗು ಬೆಳೆಯುವ ನಾಡೇ. ಅಲ್ಲಿನ ತಾಯಂದಿರು ಮಗು ಹುಟ್ಟಿದ ಎರಡು ಮೂರು ವಾರಕ್ಕೇ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲ ನಡುವೆ ಕೂಸನ್ನು ಕೂರಿಸಿ ‘ಶೂಸ್’ ಎಂದು ಸದ್ದು ಮಾಡುತ್ತಾರೆ. ಕಕ್ಕಕ್ಕೆ ತಮ್ಮ ಪಾದದ ಮೇಲೆಯೇ ಕೂರಿಸಿಕೊಳ್ಳುತ್ತಾರೆ. ಇದನ್ನು ಕಣ್ಣಾರೆ ಕಂಡ ಡಿವ್ರೀಸ್ ದಂಪತಿ 1977ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆ ‘ಪೀಡಿಯಾಟ್ರಿಕ್ಸ್’ನಲ್ಲಿ ಲೇಖನ ಬರೆದರು. ಐದಾರು ತಿಂಗಳಿಗೆಲ್ಲ ಆ ಕೂಸುಗಳು ಸದ್ದು ಕೇಳಿದರೆ ಸುಸ್ಸು ಮಾಡುವುದನ್ನು ರೂಢಿಸಿಕೊಂಡಿದ್ದವು. ಅಮೆರಿಕದಲ್ಲೇ ಈ ಕ್ರಮದ ಬಗ್ಗೆ ಪುಸ್ತಕ ಬರೆದು ಹೆಸರಾದ ಲಾರಿ ಬೌಕ್, ತಮಗೆ ಇದನ್ನು ಹೇಳಿಕೊಟ್ಟವರು ಭಾರತದಿಂದ ಬಂದಿದ್ದ ಒಬ್ಬ ಹೆಂಗಸು ಎಂದು ಬರೆದುಕೊಂಡಿದ್ದಾರೆ. ನಮ್ಮ ಅಜ್ಜಿಯರು ಹೇಳುವುದು ಸುಳ್ಳಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಎಂಟು ತಿಂಗಳ ಕೂಸು ಕಾಲ ಮೇಲೆ ಕಕ್ಕ ಮಾಡಿದಾಗ ಅದಕ್ಕೆ ಹೊತ್ತು ಗೊತ್ತು ಕಲಿಸಿದವಳು ಅಜ್ಜಿ. ಕೂಸು ಯಾವಾಗ ಮುಖ ಕೆಂಪು ಮಾಡುತ್ತದೆ, ಯಾವಾಗ ಕಾಲು ಮಡಚುತ್ತದೆ ಎಂದು ಕಾದು ನೋಡಿದವಳೂ ಅವಳೇ. ತನಗೆ ಬಂದಿದೆ ಎಂದು ತಿಳಿದು, ಹಿಡಿದುಕೊಂಡು, ನಡೆದುಹೋಗಿ, ಚಡ್ಡಿ ಬಿಚ್ಚಿ, ಕೂತು, ಬಿಡುವುದು ಬೇರೆಯೇ ಕೆಲಸ. ಅದಕ್ಕೆ ಮಿದುಳು, ನರ, ಸ್ನಾಯು ಎಲ್ಲ ಕೂಡಿ ಬರಬೇಕು. ಅಜ್ಜಿಯ ಕ್ರಮಕ್ಕೆ ಇನ್ನೊಂದೂ ಬೇಕು: ದಿನವಿಡೀ ಕೂಸಿನ ಹತ್ತಿರ ಒಬ್ಬರು ಇರಬೇಕು. ಕೂಡು ಕುಟುಂಬದಲ್ಲಿ ಅದು ಇತ್ತು. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ ಮನೆಯಲ್ಲಿ ಅದಿಲ್ಲ. ಆ ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಅವಸರದ ಫಲ

ವೈದ್ಯರು ಅವಸರ ಬೇಡ ಎನ್ನುವುದರ ಹಿಂದೆ ಅರವತ್ತು ವರ್ಷದ ಅನುಭವ ಇದೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲೂ ಬಲವಂತದ ಪಾಠವೇ ನಡೆಯುತ್ತಿತ್ತು. ಬೋಸ್ಟನ್ ಸೀಮೆಯ ಮಕ್ಕಳ ವೈದ್ಯ ಟಿ. ಬೆರಿ ಬ್ರೇಝಲ್‌ಟನ್ ತಮ್ಮಲ್ಲಿಗೆ ಬರುತ್ತಿದ್ದ 1,170 ಮಕ್ಕಳ ದಾಖಲೆ ಇಟ್ಟು, 1962ರಲ್ಲಿ ಬೇರೆ ದಾರಿಯನ್ನು ಮುಂದಿಟ್ಟರು: ಮಗು ಸಿದ್ಧವಾಗುವವರೆಗೆ ಕಾಯಿರಿ, ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಮಗು ಬೇಡವೆಂದರೆ ನಿಲ್ಲಿಸಿ. ಆ ಮಕ್ಕಳು ಹಗಲಿನ ಹಿಡಿತ ಕಲಿತದ್ದು ಸರಾಸರಿ ಇಪ್ಪತ್ತೆಂಟೂವರೆ ತಿಂಗಳಿಗೆ. ಹನ್ನೆರಡು ವರ್ಷದ ನಂತರ, 1974ರಲ್ಲಿ, ಆಜ್ರಿನ್ ಮತ್ತು ಫಾಕ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಕಲಿಸಿಬಿಡಬಹುದೆಂದು ಪುಸ್ತಕ ಬರೆದರು. ಅದೂ ಚೆನ್ನಾಗಿ ಮಾರಾಟವಾಯಿತು. ಇಂದು ಮೊಬೈಲಿನಲ್ಲಿ ಓಡಾಡುವ ‘ಮೂರೇ ದಿನದಲ್ಲಿ ಡೈಪರ್ ಬಿಡಿಸಿ’ ಎಂಬ ವಿಡಿಯೊಗಳದೂ ಅದೇ ಜಾಡು.

ಬೇಗ ಶುರು ಮಾಡಿದರೆ ಬೇಗ ಮುಗಿಯುವುದೇ? ಫಿಲಡೆಲ್ಫಿಯಾದ ಸಂಶೋಧಕರು ಸುಮಾರು ನಾನೂರು ಮಕ್ಕಳನ್ನು ಹಿಂಬಾಲಿಸಿ 2003ರಲ್ಲಿ ಕೊಟ್ಟ ಉತ್ತರ ತಾಯಂದಿರು ನೆನಪಿಡುವಂಥದ್ದು. ಇಪ್ಪತ್ತೇಳು ತಿಂಗಳಿಗೆ ಮುಂಚೆ ಪಟ್ಟು ಹಿಡಿದು ದಿನಕ್ಕೆ ಹಲವು ಸಲ ಕೂರಿಸತೊಡಗಿದವರ ಮಕ್ಕಳು ಉಳಿದವರಿಗಿಂತ ಬೇಗ ಮುಗಿಸಲಿಲ್ಲ. ಕಲಿಕೆಯ ಕಾಲ ಮಾತ್ರ ಉದ್ದವಾಯಿತು. ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಎರಡು ಮೂರು ತಿಂಗಳು ಮುಂದಿರುತ್ತಾರೆ ಎಂದು 2002ರ ಮತ್ತೊಂದು ಅಧ್ಯಯನ ಹೇಳುತ್ತದೆ. ಅದರಲ್ಲಿ ಹಗಲು ಹೊತ್ತು ಒದ್ದೆಯಾಗದೆ ಉಳಿಯುವ ನಡುವಿನ ವಯಸ್ಸು ಹೆಣ್ಣುಮಕ್ಕಳಿಗೆ 32.5 ತಿಂಗಳು, ಗಂಡುಮಕ್ಕಳಿಗೆ 35. ಅಕ್ಕನ ಮಗಳು ಕಲಿತಳು, ನಮ್ಮ ಮಗ ಇನ್ನೂ ಕಲಿತಿಲ್ಲ ಎಂದು ಕೊರಗುವ ತಾಯಿ ಈ ಅಂಕಿಯನ್ನು ಒಮ್ಮೆ ನೋಡಬೇಕು. ಇವೆಲ್ಲ ಡೈಪರಿನಲ್ಲೇ ಬೆಳೆದ ಮಕ್ಕಳ ಲೆಕ್ಕ ಎಂಬುದೂ ನೆನಪಿರಲಿ. ನಮ್ಮಲ್ಲಿ ಚಡ್ಡಿಯಲ್ಲೇ ಓಡಾಡಿ ಬೆಳೆದ ಮಗು ಕೆಲವು ತಿಂಗಳು ಮೊದಲೇ ಕಲಿತರೆ ಅಚ್ಚರಿಯಿಲ್ಲ.

ಹಾಗಾದರೆ ಯಾವಾಗ ಶುರು ಮಾಡಬೇಕು? ಈ ಪ್ರಶ್ನೆಗೆ ಕೊಬ್ಬರಿ ನಾಡಿನವರಿಗಿಂತ ಚೆನ್ನಾಗಿ ಉತ್ತರ ತಿಳಿದವರು ಇರಲಾರರು. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಹತ್ತಿರ ಬೇಕು. ತಿಂಗಳು ಎಣಿಸಿ ಯಾರೂ ಸುಲಿಯುವುದಿಲ್ಲ; ಕಾಯಿ ಕುಲುಕಿ ನೋಡುತ್ತಾರೆ, ಒಳಗೆ ನೀರು ಬತ್ತಿ ಗಡಗಡ ಅಂದರಷ್ಟೇ ಒಡೆಯುತ್ತಾರೆ. ಮಗುವಿನಲ್ಲೂ ಅಂಥ ಗುರುತುಗಳಿವೆ. ಎರಡು ಗಂಟೆ ಹೊತ್ತು ಚಡ್ಡಿ ಒಣಗಿರುತ್ತದೆ. ಮಧ್ಯಾಹ್ನದ ನಿದ್ದೆಯಿಂದ ಏಳುವಾಗಲೂ ಕೆಲವೊಮ್ಮೆ ಒಣಗಿರುತ್ತದೆ. ಕಕ್ಕ ಮಾಡುವ ಹೊತ್ತು ಹೆಚ್ಚುಕಡಿಮೆ ದಿನವೂ ಒಂದೇ. ಕಕ್ಕ ಬಂದಾಗ ಬಾಗಿಲ ಹಿಂದೆಯೋ ಮಂಚದ ಪಕ್ಕವೋ ಹೋಗಿ ನಿಲ್ಲುತ್ತದೆ, ಅಂದರೆ ಬರುವುದು ಅದಕ್ಕೆ ಗೊತ್ತಾಗುತ್ತಿದೆ. ಒದ್ದೆಯಾದದ್ದನ್ನು ಎಳೆದು ತೋರಿಸುತ್ತದೆ. ‘ಚಪ್ಪಲಿ ತಗೊಂಡು ಬಾ’ ಅಂದರೆ ತರುತ್ತದೆ. ತಾನೇ ಚಡ್ಡಿ ಕೆಳಗೆ ಜಾರಿಸಲು ನೋಡುತ್ತದೆ. ದೊಡ್ಡವರು ಬಚ್ಚಲಿಗೆ ಹೋದರೆ ಹಿಂದೆಯೇ ಬರುತ್ತದೆ. ಎಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ; ಮೂರು ನಾಲ್ಕು ಕಂಡರೆ ಶುರು ಮಾಡಬಹುದು. ಬಹುತೇಕ ಮಕ್ಕಳಲ್ಲಿ ಇವು ಒಂದೂವರೆ ವರ್ಷದಿಂದ ಮೂರು ವರ್ಷದ ನಡುವೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಕೆಲವು ಹೊತ್ತು ಶುರು ಮಾಡಲು ಒಳ್ಳೆಯದಲ್ಲ. ತಮ್ಮನೋ ತಂಗಿಯೋ ಹುಟ್ಟಿದ ತಿಂಗಳು, ಮನೆ ಬದಲಿಸಿದ ವಾರ, ಜ್ವರ ಬೇಧಿ ಆಗಿ ಸುಧಾರಿಸಿಕೊಳ್ಳುತ್ತಿರುವ ದಿನಗಳು, ಮನೆಯಲ್ಲಿ ಕಾಯಿ ಸುಲಿಸುವ ಕೆಲಸ ಹಚ್ಚಿಕೊಂಡು ಎಲ್ಲರೂ ಅಂಗಳದಲ್ಲೇ ಇರುವ ಹೊತ್ತು. ಆಗ ಬಿಟ್ಟುಬಿಡಿ. ಒಂದು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ.

ಎರಡು ಇಟ್ಟಿಗೆ ಮತ್ತು ಒಂದು ಮಣೆ

ಮೊದಲು ಮಾತು ಗೊತ್ತುಮಾಡಿಕೊಳ್ಳಬೇಕು. ಸುಸ್ಸು, ಕಕ್ಕ, ಒಂದು, ಎರಡು — ಯಾವುದಾದರೂ ಸರಿ, ಅಪ್ಪ, ಅಮ್ಮ, ಅಜ್ಜಿ, ತಾತ, ಅಂಗನವಾಡಿ ಟೀಚರ್ ಎಲ್ಲರೂ ಅದನ್ನೇ ಬಳಸಲಿ. ಬೆಂಗಳೂರಿನ ಡೇಕೇರಿನಲ್ಲಿ ‘ಪಾಟಿ’, ತೋಟದಲ್ಲಿ ‘ಹೊರಕ್ಕೆ’ ಆದರೆ ಎರಡು ವರ್ಷದ ಮಗು ಯಾರಿಗೆ ಏನು ಹೇಳಬೇಕೋ ತಿಳಿಯದೆ ಚಡ್ಡಿಯಲ್ಲೇ ಮಾಡಿಕೊಳ್ಳುತ್ತದೆ. ಇನ್ನೊಂದು, ಮಗುವಿನ ಕಕ್ಕ ಕಂಡು ‘ಛೀ, ಥೂ, ಗಬ್ಬು’ ಎಂದು ಮೂಗು ಮುಚ್ಚಿಕೊಳ್ಳಬೇಡಿ. ಅದು ತನ್ನ ಮೈಯಿಂದ ಬಂದದ್ದು ಎಂದು ಮಗುವಿಗೆ ಗೊತ್ತು. ತಾನೇ ಗಬ್ಬು ಎಂದುಕೊಂಡ ಮಗು ಮುಂದಿನ ಸಲ ಅಡಗಿ ಮಾಡುತ್ತದೆ, ಇಲ್ಲವೇ ಬಿಗಿಹಿಡಿಯುತ್ತದೆ.

ಜಾಗದ ವಿಚಾರಕ್ಕೆ ಸ್ವಲ್ಪ ಗಮನ ಬೇಕು. ಹಳ್ಳಿಗಳಲ್ಲಿ ಈಗ ಬಹುಪಾಲು ಮನೆಗಳಿಗೆ ಶೌಚಾಲಯ ಬಂದಿದೆ. ಆದರೆ ಅದು ಸಾಮಾನ್ಯವಾಗಿ ಮನೆಯ ಹೊರಗೆ, ಹಿತ್ತಲ ತುದಿಯಲ್ಲಿ. ಕತ್ತಲೆ, ತಗಡಿನ ಬಾಗಿಲು, ಒದ್ದೆ ನೆಲ, ನಡುವೆ ದೊಡ್ಡವರ ಅಳತೆಯ ಬೇಸಿನ್. ಅದರ ಮುಂದೆ ನಿಂತ ಎರಡು ವರ್ಷದ ಮಗುವಿನ ಕಣ್ಣಲ್ಲಿ ನೋಡಿ. ಹೆಜ್ಜೆಯಿಡುವ ಜಾಗ ಅದರ ಕಾಲಿಗೆ ಎಟುಕುವುದಿಲ್ಲ, ಗುಂಡಿಯೊಳಗೆ ಬಿದ್ದುಬಿಡುತ್ತೇನೆ ಎಂಬ ಭಯ, ಮೇಲಿಂದ ಬಕೆಟ್ ನೀರು ಸುರಿದಾಗಿನ ಸದ್ದು. ಅಲ್ಲಿಗೆ ಎಳೆದುಕೊಂಡು ಹೋಗಿ ‘ಕೂತ್ಕೋ’ ಎಂದರೆ ಯಾವ ಮಗುವೂ ಕೂರುವುದಿಲ್ಲ. ಅಪಾರ್ಟ್‌ಮೆಂಟಿನ ಕಮೋಡಿನ ಕಷ್ಟ ಬೇರೆ: ಕಾಲು ನೇತಾಡುತ್ತದೆ. ಕಾಲಿಗೆ ಆಧಾರವಿಲ್ಲದೆ ಮುಕ್ಕುವುದು ದೊಡ್ಡವರಿಗೂ ಕಷ್ಟವೇ.

ಸಂತೆಯಲ್ಲಿ, ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಣ್ಣ ಪಾಟಿ ಚೇರು ಇದಕ್ಕೆ ಸುಲಭದ ಉಪಾಯ. ನೆಲಕ್ಕೆ ಕಾಲು ತಾಕುವಷ್ಟು ಗಿಡ್ಡಗಿರಲಿ, ಅಲ್ಲಾಡದಿರಲಿ, ತೊಳೆಯಲು ಸುಲಭವಿರಲಿ. ಹಾಡು ಹಾಡುವ, ದೀಪ ಹತ್ತುವ ದುಬಾರಿ ಚೇರು ಬೇಡವೇ ಬೇಡ. ಅದೂ ಬೇಡವೆಂದರೆ ಬಚ್ಚಲ ಮೂಲೆಯಲ್ಲಿ ಎರಡು ಇಟ್ಟಿಗೆಗಳನ್ನು ಅಲ್ಲಾಡದಂತೆ ಇಟ್ಟು, ನಡುವೆ ಹಳೇ ಪೇಪರು ಹಾಸಿ ಕುಕ್ಕರಗಾಲಲ್ಲಿ ಕೂರಿಸಬಹುದು. ಹಳೇ ಮನೆಗಳಲ್ಲಿ ಮಕ್ಕಳಿಗೆಂದೇ ಎರಡು ಕಲ್ಲು ಇದ್ದದ್ದು ಇದೇ ಕಾರಣಕ್ಕೆ. ಕುಕ್ಕರಗಾಲಲ್ಲಿ ಕೂತಾಗ ಗುದದ ದಾರಿ ನೇರವಾಗುತ್ತದೆ, ತಿಣುಕದೆ ಕೆಲಸ ಆಗುತ್ತದೆ. ಕಮೋಡು ಇರುವ ಮನೆಯಲ್ಲಿ ಮಕ್ಕಳ ಸೀಟು ಹಾಕಿ ಕಾಲ ಕೆಳಗೆ ಒಂದು ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವ ಹಾಗಿದ್ದರೆ ಸರಿ.

ಮೊದಲ ಒಂದೆರಡು ವಾರ ಬಟ್ಟೆ ಬಿಚ್ಚದೆ ಪಾಟಿಯ ಮೇಲೆ ಆಟಕ್ಕೆಂದು ಕೂರಲಿ. ಗೊಂಬೆಯನ್ನೂ ಕೂರಿಸಲಿ. ಡೈಪರಿನಲ್ಲಿ ಮಾಡಿದ್ದನ್ನು ಮಗುವಿನ ಎದುರೇ ಪಾಟಿಗೆ ಹಾಕಿ, ಆಮೇಲೆ ಬೇಸಿನ್ನಿಗೆ ಸುರಿದು ತೋರಿಸಿ, ಅದು ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿ. ಅನಂತರ ಚಡ್ಡಿ ಬಿಚ್ಚಿ ಕೂರಿಸುವುದು. ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕರುಳು ತಾನೇ ಚುರುಕಾಗುತ್ತದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಜಾಗ ಮಾಡಿಕೊಡುವುದು ಮೈಯ ಸಹಜ ನಡೆ. ಬೆಳಗಿನ ತಿಂಡಿಯ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಮೊಬೈಲು ಕೊಟ್ಟು ಅರ್ಧ ಗಂಟೆ ಕೂರಿಸುವುದು ಈಗ ರೂಢಿಯಾಗಿದೆ. ಮಗು ವಿಡಿಯೊ ನೋಡುತ್ತದೆಯೇ ಹೊರತು ತನ್ನ ಹೊಟ್ಟೆಯ ಮಾತು ಕೇಳುವುದಿಲ್ಲ.

ಹಗಲಿನಲ್ಲಿ ಡೈಪರ್ ಬಿಚ್ಚುವುದೇ ಇಡೀ ಪಾಠದ ಮುಖ್ಯ ಭಾಗ ಎನ್ನಬಹುದು. ಡೈಪರಿನೊಳಗಿನ ಪುಡಿ ಒದ್ದೆಯನ್ನೆಲ್ಲ ಹೀರಿಕೊಳ್ಳುವುದರಿಂದ ಮಗುವಿಗೆ ತಾನು ಮಾಡಿದ್ದೇ ತಿಳಿಯುವುದಿಲ್ಲ. ಹತ್ತಿಯ ಚಡ್ಡಿಯಲ್ಲಿ ಸುಸ್ಸು ತೊಡೆಯ ಮೇಲೆ ಹರಿದಾಗ ಮಗು ತಟ್ಟನೆ ನಿಂತು ಕೆಳಗೆ ನೋಡುತ್ತದೆ. ಪಾಠ ನಡೆಯುವುದು ಆ ಗಳಿಗೆಯಲ್ಲೇ. ತೋಟದ ಮನೆ ಈ ವಿಷಯದಲ್ಲಿ ಭಾಗ್ಯದ ಮನೆ: ಹಾಸುಗಂಬಳಿ, ಸೋಫಾ ಹಾಳಾಗುವ ಭಯವಿಲ್ಲ, ಅಂಗಳ ವಿಶಾಲ, ನೀರು ಸುರಿದರೆ ಮುಗಿಯಿತು. ನಾಲ್ಕು ಚಡ್ಡಿ ತೊಳೆಯುವ ಕಡೆ ಎಂಟು ತೊಳೆಯಬೇಕಾಗುತ್ತದೆ. ಅದನ್ನು ಅಜ್ಜಿಯ ತಲೆಗೇ ಕಟ್ಟದೆ ಮಗುವಿನ ಅಪ್ಪನೂ ಕೈಹಾಕಬೇಕು.

ಗಂಡುಮಗುವಿಗೂ ಮೊದಲು ಕೂತೇ ಕಲಿಸಿ. ನಿಲ್ಲುವುದು ಆಮೇಲೆ ಅಪ್ಪನನ್ನೋ ಚಿಕ್ಕಪ್ಪನನ್ನೋ ನೋಡಿ ತಾನೇ ಬರುತ್ತದೆ. ಹೆಣ್ಣುಮಗುವಿಗೆ ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನದು ಮುಂದಕ್ಕೆ ಬಂದರೆ ಮೂತ್ರದ ಸೋಂಕು ತಗಲಬಹುದು. ಯಾವ ಮಗುವೇ ಆಗಲಿ, ಪಾಟಿಯಿಂದ ಎದ್ದೊಡನೆ ಸೋಪು ಹಚ್ಚಿ ಕೈ ತೊಳೆಸಿ. ಶೌಚ ಮತ್ತು ಕೈತೊಳೆತ ಎರಡೂ ಒಂದೇ ಪಾಠವಾಗಿ ಕೂತುಬಿಡಬೇಕು.

ಹೊಗಳಿಕೆ ಬೇಕು, ಅತಿ ಬೇಡ. ‘ಕಕ್ಕ ಬಂತು ಅಂತ ಹೇಳಿದೆಯಲ್ಲ ಕಂದಾ, ಒಳ್ಳೇದಾಯ್ತು’ ಅಂದರೆ ಸಾಕು. ಪ್ರತಿ ಸಲ ಚಾಕಲೇಟು ಕೊಟ್ಟರೆ ಮಗು ಅದಕ್ಕಾಗಿಯೇ ದಿನಕ್ಕೆ ಇಪ್ಪತ್ತು ಸಲ ಕೂರುತ್ತದೆ. ಚಡ್ಡಿಯಲ್ಲಾದಾಗ ‘ಪರವಾಗಿಲ್ಲ, ಮುಂದಿನ ಸಲ ಪಾಟಿಗೆ ಹೋಗೋಣ’ ಎಂದು ಬದಲಿಸಿ. ಬೆತ್ತ ತೋರಿಸುವುದು, ‘ಬರೆ ಹಾಕ್ತೀನಿ’ ಎನ್ನುವುದು, ನೆಂಟರ ಮುಂದೆ ಒದ್ದೆ ಚಡ್ಡಿ ಎತ್ತಿ ತೋರಿಸಿ ನಗುವುದು — ಈ ಮೂರೂ ನಮ್ಮ ಕಡೆ ಇನ್ನೂ ನಡೆಯುತ್ತವೆ. ಇವುಗಳಿಂದ ಒಂದು ಮಗುವೂ ಬೇಗ ಕಲಿತಿಲ್ಲ. ಕಲಿತದ್ದನ್ನೂ ಬಿಟ್ಟ ಮಕ್ಕಳು ಬೇಕಾದಷ್ಟಿದ್ದಾರೆ.

ಕಕ್ಕ ಬಿಗಿಹಿಡಿಯುವ ಮಗು

ಶೌಚದ ಪಾಠ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಸುಸ್ಸು ಚೆನ್ನಾಗಿ ಹೇಳುತ್ತದೆ, ಕಕ್ಕ ಮಾತ್ರ ಡೈಪರ್ ಹಾಕಿದರೇ ಮಾಡುತ್ತದೆ ಎಂದು ದೂರುವ ತಾಯಂದಿರು ಬಹಳ. ಅವರು ಒಂಟಿಯಲ್ಲ: 482 ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಶೇ 22ರಷ್ಟು ಮಕ್ಕಳು ತಿಂಗಳಿಗೂ ಮೀರಿ ಹೀಗೆಯೇ ಹಟ ಮಾಡಿದ್ದರು. ಅಂಥ ಮಗುವಿಗೆ ಡೈಪರ್ ಹಾಕಿಯೇ ಕಕ್ಕ ಮಾಡಲು ಬಿಡಿ. ಆದರೆ ಬಚ್ಚಲಿಗೆ ಬಂದು ಮಾಡಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂತು ಮಾಡಲಿ. ಆಮೇಲೆ ಡೈಪರ್ ಸಡಿಲಿಸಿ. ವಾರಗಳು ಹಿಡಿದರೂ ಇದೇ ಹತ್ತಿರದ ದಾರಿ.

ಇನ್ನು ಕೆಲವು ಮಕ್ಕಳು ಬಿಗಿಹಿಡಿಯುವುದು ನೋವಿನ ನೆನಪಿನಿಂದ. ಒಮ್ಮೆ ಗಟ್ಟಿ ಕಕ್ಕ ಹೋಗಿ ಗುದ ಬಿರಿಯಿತೆನ್ನಿ, ಮಗು ಮರುದಿನದಿಂದ ಕಾಲು ಅಡ್ಡಹಾಕಿ, ತುದಿಗಾಲಲ್ಲಿ ನಿಂತು, ಮುಖ ಕೆಂಪು ಮಾಡಿಕೊಳ್ಳುತ್ತದೆ. ನೋಡುವವರು ಮುಕ್ಕುತ್ತಿದೆ ಎಂದುಕೊಳ್ಳುತ್ತಾರೆ, ಅದು ತಡೆದುಕೊಳ್ಳುತ್ತಿರುತ್ತದೆ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಕೊನೆಗೆ ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗೆ ಸೋರಿ ಚಡ್ಡಿಗೆ ಹತ್ತುತ್ತದೆ, ಮನೆಯವರು ಬೇಧಿ ಎಂದು ಔಷಧಿ ತರುತ್ತಾರೆ. ನಿಜವಾದ ಕಾಯಿಲೆ ಮಲಬದ್ಧತೆ.

ಸೋಪಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆ ತೊಟ್ಟು ತೂರಿಸುವುದು ಹಳೇ ಮನೆಮದ್ದು. ಅದನ್ನು ಬಿಡಬೇಕು. ಸೋಪು ಒಳಗಿನ ಎಳೆ ಚರ್ಮವನ್ನು ಸುಡುತ್ತದೆ, ತೊಟ್ಟು ಗೀರುತ್ತದೆ, ಮಗುವಿನ ಭಯ ಇಮ್ಮಡಿಯಾಗುತ್ತದೆ. ಮಾಡಬೇಕಾದ್ದು ಊಟದಲ್ಲಿದೆ. ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೇಲೆ ಹಾಲು ಬೇಡ. ಹಾಲು, ಬಿಸ್ಕತ್ತು, ರಸ್ಕು ತಿಂದು ಹೊಟ್ಟೆ ತುಂಬಿಸಿಕೊಂಡ ಮಗು ಮುದ್ದೆ ಸೊಪ್ಪಿನ ತಂಟೆಗೆ ಬರುವುದಿಲ್ಲ. ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಸೊಪ್ಪಿನ ಸಾರು, ಪರಂಗಿ, ಸೀಬೆ, ಕಳಿತ ಬಾಳೆಹಣ್ಣು, ಆಗಾಗ ನೀರು ಕೊಡಿ. ತೋಟದಲ್ಲಿ ಎಳನೀರಿಗೆ ಬರವಿಲ್ಲ, ಅದೂ ಆಗಬಹುದು. ವಾರ ಕಳೆದರೂ ಸರಿಹೋಗದಿದ್ದರೆ ವೈದ್ಯರು ಮಲ ಮೆತ್ತಗಾಗಿಸುವ ಔಷಧಿ ಕೊಡುತ್ತಾರೆ. ಅದನ್ನು ಅವರು ಹೇಳಿದಷ್ಟು ತಿಂಗಳು ನಿಲ್ಲಿಸದೆ ಕೊಡಬೇಕು. ಅಷ್ಟು ದಿನ ಪಾಟಿಯ ಪಾಠಕ್ಕೆ ರಜೆ.

ರಾತ್ರಿಯ ಮಾತೇ ಬೇರೆ. ಹಗಲು ಹೇಳುವ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುವುದು ಹಟವಲ್ಲ, ಸೋಮಾರಿತನವಲ್ಲ. ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ನೂರು ಮಿಲಿಲೀಟರ್ ಆಸುಪಾಸು ಅಷ್ಟೇ. ನಿದ್ದೆಯಲ್ಲಿ ಅದು ತುಂಬಿತೆಂದು ಎಚ್ಚರಿಸುವ ನರಗಳ ಬೆಳವಣಿಗೆ ತಡವಾಗಿ ಬರುತ್ತದೆ. ಐದು ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು ಹದಿನೈದು ಮಂದಿ ಹಾಸಿಗೆ ಒದ್ದೆ ಮಾಡುತ್ತಾರೆ. ಐದು ತುಂಬುವವರೆಗೆ ವೈದ್ಯರು ಅದನ್ನು ಕಾಯಿಲೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಬಾಲ್ಯದಲ್ಲಿ ಇದ್ದರೆ ಮಗುವಿಗೂ ಇರುವ ಸಾಧ್ಯತೆ ಹೆಚ್ಚು. ಅಜ್ಜಿಯನ್ನು ಮೆಲ್ಲಗೆ ಕೇಳಿದರೆ ಆ ಕಥೆಯೂ ಹೊರಬರುತ್ತದೆ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಮೇಲೊಂದು ಹಳೇ ಸೀರೆಯ ಮಡಿಕೆ, ಮಲಗುವ ಮುನ್ನ ಒಂದು ಸಲ ಸುಸ್ಸು. ಇಷ್ಟು ಸಾಕು. ಹೊರಗಿನ ಶೌಚಾಲಯಕ್ಕೆ ರಾತ್ರಿ ಕರೆದೊಯ್ಯುವ ಬದಲು ಪಾಟಿಯನ್ನೇ ಒಳಗಿಟ್ಟುಕೊಳ್ಳಿ. ಮಟ್ಟೆ, ಗರಿ ರಾಶಿಯ ಪಕ್ಕ ಕತ್ತಲಲ್ಲಿ ಮಗುವನ್ನು ಕೂರಿಸಬಾರದು. ಚೇಳು, ಹಾವು ಅಲ್ಲೇ ಇರುತ್ತವೆ. ಹಗಲಿನಲ್ಲೂ ಬಚ್ಚಲಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ತುಂಬಿದ ಬಕೆಟ್, ತೊಟ್ಟಿ, ಮುಚ್ಚಿಲ್ಲದ ಸಂಪು, ಕೈಗೆಟುಕುವ ಆ್ಯಸಿಡ್ ಫಿನಾಯಿಲ್ ಬಾಟಲಿ, ಇವುಗಳಲ್ಲಿ ಯಾವುದರಿಂದಲಾದರೂ ಅನಾಹುತವಾಗಲು ಒಂದು ನಿಮಿಷ ಸಾಕು.

ಪಾತಿಗೆ ಬಿಸಾಡಿದ ಡೈಪರ್

ಮಗುವಿನ ಕಕ್ಕ ಏನೂ ಮಾಡದು ಎಂಬ ನಂಬಿಕೆ ತೋಟದ ಮನೆಗಳಲ್ಲಿ ಗಟ್ಟಿಯಾಗಿದೆ. ಸಲಿಕೆಯಲ್ಲಿ ಎತ್ತಿ ತೆಂಗಿನ ಬುಡದ ಪಾತಿಗೆ ಎಸೆದರೆ ಮುಗಿಯಿತು. ನೆರಳಿರುವ, ಸದಾ ತೇವ ಆರದ ಪಾತಿಯ ಮಣ್ಣು ಜಂತುಹುಳುವಿನ ಮೊಟ್ಟೆಗಳಿಗೆ ಹೇಳಿ ಮಾಡಿಸಿದ ಜಾಗ. ಅದೇ ಮಣ್ಣಲ್ಲಿ ಬರಿಗಾಲಲ್ಲಿ ಆಡುವುದೂ, ಆ ಕೈಯನ್ನು ಬಾಯಿಗಿಡುವುದೂ ಅದೇ ಮಗು. ಕೊಕ್ಕೆಹುಳುವಂತೂ ಪಾದದ ಚರ್ಮದಿಂದಲೇ ಒಳಹೋಗುತ್ತದೆ. ಪಾಟಿಯಲ್ಲಿ ಆದದ್ದು ಶೌಚಾಲಯಕ್ಕೇ ಹೋಗಬೇಕು; ಪಾಟಿ ತೊಳೆದ ನೀರೂ ಅಲ್ಲಿಗೇ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ, ಎರಡು ದಾಟಿದವರಿಗೆ ಒಂದು. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡುತ್ತಾರೆ.

ಬಳಸಿದ ಡೈಪರನ್ನು ಹಂಡೆ ಒಲೆಗೆ ಮಟ್ಟೆಯ ಜೊತೆ ಹಾಕಿ ಸುಡುವವರಿದ್ದಾರೆ. ಅದರಲ್ಲಿ ಇರುವುದು ಪ್ಲಾಸ್ಟಿಕ್. ಆ ಹೊಗೆಯನ್ನು ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವ ಮಗುವೇ ಉಸಿರಾಡುತ್ತದೆ. ಕಕ್ಕವನ್ನು ಬೇಸಿನ್ನಿಗೆ ಹಾಕಿ, ಡೈಪರನ್ನು ಪೇಪರಿನಲ್ಲಿ ಸುತ್ತಿ, ಬೇರೆ ಚೀಲದಲ್ಲಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ದಿನಕ್ಕೆ ಐದು ಡೈಪರ್ ಹೋಗುವ ಕಡೆ ರಾತ್ರಿಗೊಂದು ಎಂದಾದರೆ ಕಸವೂ ಇಳಿಯಿತು, ದುಡ್ಡೂ ಉಳಿಯಿತು.

ಮೂರು ತುಂಬಿದ ಮಗು ಅಂಗನವಾಡಿಗೆ ಹೋಗುತ್ತದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಮಗುವನ್ನು ಬಿಡುವಾಗ ಎರಡು ಜೊತೆ ಚಡ್ಡಿ ಕೊಟ್ಟು, ಮಗು ಸುಸ್ಸಿಗೆ ಏನೆನ್ನುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಟೀಚರಿಗೂ ಸಹಾಯಕಿಗೂ ಹೇಳಿಬನ್ನಿ. ಮಕ್ಕಳ ಅಳತೆಯ ಬೇಸಿನ್ ಇಲ್ಲದ, ನೀರು ಬಾರದ ಅಂಗನವಾಡಿಯಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಡೈಪರ್ ಬಿಟ್ಟಿರದ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎನ್ನುವ ನರ್ಸರಿಗಳಿವೆ. ಅವರ ಜೂನ್ ತಿಂಗಳಿಗೆ ಹೆದರಿ ಮೇ ತಿಂಗಳೆಲ್ಲ ಮಗುವನ್ನು ಗೋಳಾಡಿಸುವುದಕ್ಕಿಂತ ಬೇರೆ ಶಾಲೆ ನೋಡುವುದೇ ಲೇಸು.

ಕೆಲವು ಲಕ್ಷಣಗಳನ್ನು ಮಾತ್ರ ಮಗುವಿನ ಪಾಡಿಗೆ ಬಿಡಬಾರದು. ಸುಸ್ಸು ಮಾಡುವಾಗ ಅಳುತ್ತದೆ, ಜ್ವರ ಇದೆ, ಮೂತ್ರ ಹನಿಹನಿಯಾಗಿ ಸದಾ ಸೋರುತ್ತದೆ, ಕಕ್ಕದಲ್ಲಿ ರಕ್ತ ಕಾಣುತ್ತದೆ, ಕಲಿತು ತಿಂಗಳುಗಟ್ಟಲೆ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡುತ್ತಾ ಬಹಳ ನೀರು ಕುಡಿಯುತ್ತದೆ — ಇವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿಗೋ ಕರೆದೊಯ್ಯಿರಿ. ನಾಲ್ಕು ವರ್ಷ ಮುಟ್ಟಿದರೂ ಹಗಲಿನಲ್ಲಿ ಹೇಳದ, ಅಥವಾ ಮಾತು, ನಡಿಗೆಯೂ ತಡವಾಗಿರುವ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ತೋರಿಸಬಹುದು. ಆ ತಂಡ ವರ್ಷಕ್ಕೆ ಎರಡು ಸಲ ಬರಬೇಕು.

ಈ ರಜೆಗೆ ಪಾಪುವನ್ನು ಊರಿಗೆ ಕಳಿಸುವವರು ಡೈಪರಿನ ಜೊತೆ ಏಳೆಂಟು ಹತ್ತಿ ಚಡ್ಡಿ, ಮನೆಯಲ್ಲಿ ಕೂತು ರೂಢಿಯಾದ ಪಾಟಿಯನ್ನೂ ಕಳಿಸಿ. ಅಜ್ಜಿಗೆ ಹೇಳಬೇಕಾದ್ದು ಎರಡೇ ಮಾತು: ನಿಮಗೆ ಗೊತ್ತಿರುವ ಹಾಗೆ ಹೊತ್ತು ನೋಡಿ ಕೂರಿಸಿ, ಬೇಡವೆಂದರೆ ಎಬ್ಬಿಸಿ.